ಮಾಸದ ಬಣ್ಣ: ಪಾಟಣದ ಪಟೋಲವೂ ಕರ್ಮಶಾಸ್ತ್ರದ ಕೃಮಿರಾಗವೂ

ಗುಜರಾತಿನ ಪಾಟಣದಲ್ಲಿ ನೇಯುವ ಪಟೋಲ ಸೀರೆಯ ಬಗ್ಗೆ ಆ ನಾಡಿನಲ್ಲಿ ಒಂದು ನಾಣ್ಣುಡಿಯಿದೆ. ಪಟೋಲದ ಮೇಲೆ ಮೂಡಿದ ಚಿತ್ತಾರ ಹರಿದರೂ ಹರಿದೀತು, ಮಾಸಲಾರದು ಎಂಬುದು ಅದರ ಭಾವ. ಬಟ್ಟೆಯೊಂದಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಾರದು. ಆದರೆ ಇದೇ ಗುಣವನ್ನು, ನೂಲು ಜೀರ್ಣವಾದರೂ ಬಿಡದ ಬಣ್ಣವನ್ನು, ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಬೇರೊಂದು ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಅಲ್ಲಿ ಅದು ಲೋಭದ ಅತಿ ಘೋರವಾದ ಮಟ್ಟಕ್ಕೆ ಉಪಮಾನ. ಒಂದೇ ಬಣ್ಣ ನೇಕಾರನಿಗೆ ಕೀರ್ತಿ, ಸಿದ್ಧಾಂತಕಾರನಿಗೆ ಭಯ. ಜೈನ ಸಾಹಿತ್ಯವನ್ನು ಓದುವವರು ಈ ಎರಡನ್ನು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ಇನ್ನೂ ಬೆಳೆದಿಲ್ಲ. ಬೆಳೆಯದಿರುವುದರಿಂದ ಆಗಿರುವ ನಷ್ಟ ಬಟ್ಟೆಯ ಇತಿಹಾಸಕ್ಕೆ ಮಾತ್ರ ಸೀಮಿತವಲ್ಲ. ಸಿದ್ಧಾಂತಗ್ರಂಥಗಳ ಅರ್ಥಕ್ಕೂ ಅದು ತಟ್ಟಿದೆ.

ಪಟೋಲದಲ್ಲಿ ಬಣ್ಣ ನಿಲ್ಲುವ ಬಗೆಯನ್ನು ಮೊದಲು ನೋಡಬೇಕು. ಸಾಮಾನ್ಯವಾಗಿ ಬಟ್ಟೆಯ ಮೇಲಿನ ಚಿತ್ತಾರ ಮೂರು ಬಗೆಯಲ್ಲಿ ಬರುತ್ತದೆ: ನೇಯ್ದ ಮೇಲೆ ಅಚ್ಚು ಒತ್ತಬಹುದು, ಸೂಜಿಯಿಂದ ಹೊಲಿಯಬಹುದು, ಇಲ್ಲವೆ ಬೇರೆ ಬಣ್ಣದ ನೂಲನ್ನು ಮಗ್ಗದಲ್ಲೇ ಸೇರಿಸಬಹುದು. ಪಟೋಲ ಈ ಮೂರಕ್ಕೂ ಸೇರದು. ಇಲ್ಲಿ ಬಟ್ಟೆ ಹುಟ್ಟುವ ಮೊದಲೇ ಚಿತ್ತಾರ ಹುಟ್ಟಿರುತ್ತದೆ. ಹಾಸಿನ ನೂಲುಗಳನ್ನೂ ಹೊಕ್ಕಿನ ನೂಲುಗಳನ್ನೂ ಬೇರೆಬೇರೆಯಾಗಿ ಎಳೆದು ಕಟ್ಟಿ, ಮೂಡಬೇಕಾದ ಆಕೃತಿಯ ಲೆಕ್ಕಕ್ಕೆ ಸರಿಯಾಗಿ ಅಲ್ಲಲ್ಲಿ ಹತ್ತಿಯ ದಾರದಿಂದ ಬಿಗಿದು ಗಂಟು ಹಾಕುತ್ತಾರೆ. ಬಣ್ಣದ ತೊಟ್ಟಿಯಲ್ಲಿ ಅದ್ದಿದಾಗ ಗಂಟಿನೊಳಗಿನ ಭಾಗಕ್ಕೆ ಬಣ್ಣ ತಾಗುವುದಿಲ್ಲ. ಆಮೇಲೆ ಕೆಲವು ಗಂಟು ಬಿಚ್ಚಿ, ಹೊಸ ಗಂಟು ಹಾಕಿ, ಮುಂದಿನ ಬಣ್ಣ. ಒಂದೊಂದು ಬಣ್ಣಕ್ಕೂ ಇದೇ ಸುತ್ತು. ಕೊನೆಗೆ ಮಗ್ಗದ ಮೇಲೆ ಹಾಸಿನ ಕೆಂಪು ಬಿಂದುವಿನ ಮೇಲೆ ಹೊಕ್ಕಿನ ಕೆಂಪು ಬಿಂದುವೇ ಬಂದು ಕೂರಬೇಕು. ಕೂದಲೆಳೆಯಷ್ಟು ಸರಿದರೂ ಆನೆಯ ಸೊಂಡಿಲು ಕಲಸಿಹೋಗುತ್ತದೆ. ಹೀಗಾಗಿ ಓರೆಯಾಗಿ ನಿಲ್ಲಿಸಿದ ಮಗ್ಗದಲ್ಲಿ ಇಬ್ಬರು ಜೊತೆಗೂಡಿ ದುಡಿಯುತ್ತಾರೆ. ಸ್ವಲ್ಪ ನೇಯ್ದು ನಿಲ್ಲಿಸಿ, ಸೂಜಿಯ ಮೊನೆಯಿಂದ ಎಳೆಗಳನ್ನು ಸರಿಪಡಿಸಿ, ಮತ್ತೆ ಮುಂದುವರಿಯುತ್ತಾರೆ. ಒಂದು ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಗಿದ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಚಿತ್ತಾರ ನೂಲಿನಲ್ಲೇ ಇರುವುದರಿಂದ ನೂಲು ಉಳಿದಷ್ಟು ಕಾಲ ಅದೂ ಉಳಿಯುತ್ತದೆ. ನಾಣ್ಣುಡಿಯ ಮಾತು ಅತಿಶಯೋಕ್ತಿಯಲ್ಲ, ತಂತ್ರದ ವಿವರಣೆ.

ಚಿತ್ತಾರಗಳ ವಿಷಯದಲ್ಲಿ ಬರೆಯುವವರು ಬೇಗನೆ ಸಂಕೇತಕೋಶದ ದಾರಿ ಹಿಡಿಯುತ್ತಾರೆ. ಆನೆಯೆಂದರೆ ಐಶ್ವರ್ಯ, ಗಿಣಿಯೆಂದರೆ ಪ್ರೇಮ, ಎಲೆಯೆಂದರೆ ಸಮೃದ್ಧಿ, ಅಲ್ಲಿಗೆ ಮುಗಿಯಿತು. ಪಟೋಲದ ಆನೆ ಹಾಗೇಕೆ ಮೆಟ್ಟಿಲುಮೆಟ್ಟಿಲಾದ ಅಂಚಿನಿಂದ ಮೂಡಿದೆ ಎಂಬ ಪ್ರಶ್ನೆಗೆ ಸಂಕೇತಕೋಶ ಉತ್ತರಿಸಲಾರದು. ಗಂಟಿನ ಲೆಕ್ಕ ಉತ್ತರಿಸುತ್ತದೆ. ಇಲ್ಲಿನ ನಾರೀಕುಂಜರ ಭಾತ್ ಎಂಬ ಮಾದರಿಯಲ್ಲಿ ಹೆಣ್ಣೂ ಆನೆಯೂ ಚೌಕಗಳಲ್ಲಿ ಸಾಲಾಗಿ ಬರುತ್ತವೆ. ಶಿಲ್ಪದಲ್ಲಿಯೂ ಚಿತ್ರದಲ್ಲಿಯೂ ಹೆಂಗಸರ ಮೈಗಳನ್ನೇ ಹೆಣೆದು ಆನೆ ಮಾಡುವ ನಾರೀಕುಂಜರವೇ ಬೇರೆ. ಹೆಸರು ಒಂದೇ ಆದುದರಿಂದ ಎರಡನ್ನೂ ಒಂದೆಂದು ತಿಳಿಯುವುದು ಸಂಶೋಧಕರಿಗೆ ತಕ್ಕುದಲ್ಲ. ವೋಹ್ರಾಗಜಿ ಭಾತ್ ಎಂಬ ಮಾದರಿಗೆ ಹೆಸರು ಬಂದಿರುವುದು ಅದನ್ನು ಮೆಚ್ಚಿ ಕೊಳ್ಳುತ್ತಿದ್ದ ವೋಹ್ರಾ ಮುಸಲ್ಮಾನರಿಂದ. ಜೈನರೂ ವೈಷ್ಣವರೂ ಆದ ಸಾಲ್ವಿ ನೇಕಾರರ ಮಗ್ಗದಲ್ಲಿ ಮುಸಲ್ಮಾನರ ಮದುವೆಯ ಬಟ್ಟೆ ಸಿದ್ಧವಾಗುತ್ತಿತ್ತು. ಅಲ್ಲಿಂದ ಹೊರಟ ಪಟೋಲ ಹಡಗೇರಿ ಇಂಡೋನೇಷ್ಯದ ದ್ವೀಪಗಳನ್ನು ತಲುಪಿ ಅಲ್ಲಿಯ ಮನೆತನಗಳಲ್ಲಿ ಪೂಜ್ಯವಸ್ತುವಾಗಿ ಉಳಿಯಿತು. ‘ಜೈನ ವಸ್ತ್ರ’ ಎಂದು ಒಂದೇ ಮಾತಿನಲ್ಲಿ ಪಟೋಲವನ್ನು ಕರೆಯುವವರು ಈ ವಿಸ್ತಾರವನ್ನು ಮರೆಯುತ್ತಾರೆ.

ಈಗ ಗೊಮ್ಮಟಸಾರಕ್ಕೆ ಬರಬಹುದು. ಜೀವಕಾಂಡದ ಕಷಾಯ ಮಾರ್ಗಣೆಯಲ್ಲಿ ನಾಲ್ಕು ಕಷಾಯಗಳಿಗೂ ನಾಲ್ಕು ನಾಲ್ಕು ಮಟ್ಟದ ಉಪಮಾನಗಳಿವೆ. ಕ್ರೋಧಕ್ಕೆ ಕಲ್ಲಿನ ಮೇಲಿನ ಗೆರೆಯಿಂದ ಹಿಡಿದು ನೀರಿನ ಮೇಲಿನ ಗೆರೆಯವರೆಗೆ. ಲೋಭಕ್ಕೆ ಬಂದಾಗ ಕ್ರಮ ಹೀಗೆ: ಕೃಮಿರಾಗ, ಗಾಡಿಯ ಚಕ್ರದ ಕೀಲೆಣ್ಣೆ, ಮೈಯ ಕೊಳೆ, ಅರಿಶಿನ. ಮೊದಲನೆಯದು ಜೀವವನ್ನು ನರಕಕ್ಕೂ ಕೊನೆಯದು ದೇವಗತಿಗೂ ಒಯ್ಯುತ್ತದೆ. ಶ್ವೇತಾಂಬರರ ಸ್ಥಾನಾಂಗದಲ್ಲಿಯೂ ಲೋಭಕ್ಕೆ ಇಂಥದೇ ನಾಲ್ಕು ಹೋಲಿಕೆಗಳಿವೆ. ನಡುವಿನ ಎರಡು ಅಲ್ಲಿ ಬೇರೆ, ಕೆಸರು ಮತ್ತು ಕಾಡಿಗೆಯಂಥ ಮಸಿ. ಆದರೆ ಎರಡು ತುದಿಗಳು ಎರಡೂ ಪರಂಪರೆಗಳಲ್ಲಿ ಬದಲಾಗಿಲ್ಲ. ಒಂದು ತುದಿಯಲ್ಲಿ ಕೃಮಿರಾಗ, ಇನ್ನೊಂದರಲ್ಲಿ ಅರಿಶಿನ. ಎಷ್ಟೋ ವಿಷಯಗಳಲ್ಲಿ ಒಮ್ಮತವಿಲ್ಲದ ಎರಡು ಪಂಥಗಳು ಈ ತುದಿಗಳಲ್ಲಿ ಒಂದಾದುದಕ್ಕೆ ಕಾರಣ ಹುಡುಕಬೇಕಾದುದು ಬಣ್ಣಗಾರನ ಅಂಗಳದಲ್ಲಿ.

ಅರಿಶಿನದ ಬಣ್ಣ ಎಷ್ಟು ಬೇಗ ಹಿಡಿಯುತ್ತದೆಯೋ ಅಷ್ಟೇ ಬೇಗ ಬಿಡುತ್ತದೆ. ಬೇರೆ ಯಾವ ಸಂಸ್ಕಾರವೂ ಬೇಡ, ಬಿಸಿನೀರಿನಲ್ಲಿ ಕದಡಿ ಅದ್ದಿದರೆ ಸಾಕು. ನಾಲ್ಕು ದಿನ ಬಿಸಿಲಿಗೆ ಹರವಿದರೆ ಬಿಳಿಚಿಕೊಳ್ಳುತ್ತದೆ, ಸುಣ್ಣ ತಾಗಿದರೆ ಕೆಂಪಾಗುತ್ತದೆ. ಓಕುಳಿಯ ನೀರು ಕಲಸಿದವರಿಗೆಲ್ಲ ಇದು ಗೊತ್ತು. ಹುಳುವಿನಿಂದ ಬರುವ ಕೆಂಪು ಹಾಗಲ್ಲ. ಭಾರತದಲ್ಲಿ ಇದರ ಮುಖ್ಯ ಮೂಲ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ಕೊಂಬೆಗೆ ಕವಚದಂತೆ ಮುತ್ತಿಕೊಳ್ಳುವ ಪುಟ್ಟ ಕೀಟಗಳ ಸಮೂಹವನ್ನು ಕೊಂಬೆಸಹಿತ ಕಡಿದು ತಂದು, ಕೆರೆದು, ಕುಟ್ಟಿ, ನೀರಿನಲ್ಲಿ ನೆನೆಸಿದರೆ ಕೆಂಪು ಬಣ್ಣ ಇಳಿಯುತ್ತದೆ. ಪಟಿಕದ ಸಂಸ್ಕಾರ ಪಡೆದ ರೇಷ್ಮೆಯಲ್ಲಿ ಈ ಕೆಂಪು ಬೇರೂರುತ್ತದೆ. ಹಳಗನ್ನಡ ಕಾವ್ಯಗಳ ನಾಯಿಕೆಯರ ಪಾದಕ್ಕೆ ಹಚ್ಚುವ ‘ಅಲತಿಗೆ’ಯೂ ಇದೇ. ಅದಕ್ಕೆ ‘ಕೆಂಪು ಬಣ್ಣ’ ಎಂದಷ್ಟೇ ಅಡಿಟಿಪ್ಪಣಿ ಕೊಟ್ಟು ಮುಂದೆ ಹೋಗುವ ಸಂಪಾದಕರು ಆ ಪಾದದ ಕೆಳಗಿನ ಕೀಟಗಳನ್ನು ಕಾಣುವುದಿಲ್ಲ.

ಕೃಮಿರಾಗವೆಂದರೇನೆಂದು ಆಗಮಗಳ ವ್ಯಾಖ್ಯಾನಕಾರರು ಕೊಡುವ ವಿವರಣೆ ಮೈ ನಡುಗಿಸುವಂಥದು. ಮನುಷ್ಯರ ರಕ್ತವನ್ನು ಪಾತ್ರೆಯಲ್ಲಿ ಸಂಗ್ರಹಿಸಿ, ಏನೋ ಬೆರೆಸಿ, ಅದರಲ್ಲಿ ಹುಟ್ಟಿದ ಹುಳುಗಳಿಂದ ಈ ಬಣ್ಣವನ್ನು ಪಡೆಯುತ್ತಾರೆಂದು ಅವರು ಹೇಳುತ್ತಾರೆ. ಭಗವತೀ ಆರಾಧನೆಯಲ್ಲಿ ಕೃಮಿರಾಗದ ಕಂಬಳಿಯನ್ನು ಎಷ್ಟು ತೊಳೆದರೂ ಕೆಂಪು ಹೋಗದೆಂಬ ಮಾತು ಉಪಮೆಯಾಗಿ ಬಂದಿದೆ. ರಕ್ತದ ಕಥೆಯನ್ನು ಬಣ್ಣದ ಪಾಕವಿಧಾನವೆಂದು ನಂಬಬೇಕಾಗಿಲ್ಲ. ಮೂಢನಂಬಿಕೆಯೆಂದು ನಗುವುದೂ ಸಲ್ಲದು. ಜೀವಹಾನಿಯಿಂದ ಬಂದ ಬಣ್ಣವೊಂದು ಅಷ್ಟು ಸುಂದರವಾಗಿ ಅಷ್ಟು ಕಾಲ ಉಳಿಯುವುದನ್ನು ಕಂಡ ಮನಸ್ಸುಗಳ ಕಳವಳ ಕಥೆಯ ರೂಪ ತಾಳಿದೆ ಎಂದು ತಿಳಿಯುವುದು ಹೆಚ್ಚು ಸರಿ.

ಜೈನ ಚಿಂತನೆ ಬಣ್ಣಗಾರನಿಂದ ಪಡೆದುದು ಈ ಒಂದು ಹೋಲಿಕೆಯಷ್ಟೇ ಅಲ್ಲ. ‘ರಾಗ’ ಎಂಬ ಪದವೇ ಬಣ್ಣ ಹಾಕುವುದೆಂಬ ಅರ್ಥದ ಧಾತುವಿನಿಂದ ಬಂದುದು. ಜಿನನನ್ನು ವೀತರಾಗನೆನ್ನುವಾಗ ಬಣ್ಣ ಕಳೆದುಕೊಂಡವನೆಂಬ ಚಿತ್ರ ಆ ಪದದೊಳಗೆ ಅಡಗಿದೆ. ಇದಕ್ಕಿಂತ ಮುಖ್ಯವಾದುದು ‘ಕಷಾಯ’. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯಕ್ಕೆ ಸರ್ವಾರ್ಥಸಿದ್ಧಿಯಲ್ಲಿ ಟೀಕೆ ಬರೆಯುತ್ತ ಪೂಜ್ಯಪಾದರು ಕ್ರೋಧಾದಿಗಳಿಗೆ ಆ ಹೆಸರು ಏಕೆಂಬುದನ್ನು ವಿವರಿಸುತ್ತಾರೆ. ಆಲ ಮುಂತಾದವುಗಳ ಒಗರಾದ ಕಷಾಯ ಹೇಗೆ ಅಂಟಿಗೆ ಕಾರಣವೋ ಹಾಗೆ ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟಲು ಕಾರಣ, ಆದುದರಿಂದ ಅವು ಕಷಾಯದಂಥವು ಎಂಬುದು ಅವರ ವಿವರಣೆಯ ಸಾರ. ತೊಗಟೆ ಕಾಯಿಗಳ ಒಗರುನೀರಿನಲ್ಲಿ ಹತ್ತಿಯನ್ನು ಅದ್ದಿಟ್ಟು ಬಳಿಕ ಬಣ್ಣ ಹಾಕುವುದು ಬಣ್ಣಗಾರಿಕೆಯ ಮೊದಲ ಪಾಠ. ಅಳಲೆಕಾಯಿಯ ಕಷಾಯ ಕಾಣದ ಹತ್ತಿಬಟ್ಟೆಗೆ ಮಂಜಿಷ್ಠದ ಕೆಂಪು ಸರಿಯಾಗಿ ಹಿಡಿಯುವುದಿಲ್ಲ. ಬಟ್ಟೆಯೂ ಇರಬಹುದು, ಬಣ್ಣವೂ ಇರಬಹುದು, ನಡುವೆ ಹಿಡಿಸುವ ಮೂರನೆಯದೊಂದು ಇಲ್ಲದಿದ್ದರೆ ಬಂಧವಿಲ್ಲ. ಕಷಾಯವಿಲ್ಲದ ಕ್ರಿಯೆಯಿಂದ ಬಂದ ಕರ್ಮ ಆತ್ಮದಲ್ಲಿ ನೆಲೆಗೊಳ್ಳುವುದಿಲ್ಲವೆಂಬ ಸಿದ್ಧಾಂತವನ್ನು ತೊಟ್ಟಿಯ ಪಕ್ಕದಲ್ಲಿ ನಿಂತವನಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಸಾಲ ಪಡೆದ ಶಾಸ್ತ್ರ ಸಾಲ ಕೊಟ್ಟವರನ್ನು ಹೇಗೆ ನಡೆಸಿಕೊಂಡಿತು? ಇಲ್ಲಿ ಪಟೋಲದ ಕಥೆ ಮತ್ತೆ ಬೇಕಾಗುತ್ತದೆ.

ಸಾಲ್ವಿ ಮನೆತನಗಳಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯಂತೆ, 1143ರಿಂದ ಸುಮಾರು ಮೂವತ್ತು ವರ್ಷ ಪಾಟಣದಿಂದ ಆಳಿದ ಚೌಲುಕ್ಯ ದೊರೆ ಕುಮಾರಪಾಲ ದಿನವೂ ಹೊಸ ಪಟೋಲವನ್ನುಟ್ಟು ದೇವಪೂಜೆಗೆ ಹೋಗುತ್ತಿದ್ದ. ಬಟ್ಟೆ ಬರುತ್ತಿದ್ದುದು ದಕ್ಷಿಣದ ಜಾಲ್ನಾದಿಂದ. ಅಲ್ಲಿಯ ಅರಸ ಪಟೋಲಗಳನ್ನು ಮೊದಲು ತನ್ನ ಹಾಸಿಗೆಯ ಹೊದಿಕೆಯಾಗಿ ಬಳಸಿ ಆಮೇಲೆ ಕಳಿಸುತ್ತಿದ್ದಾನೆಂದು ತಿಳಿದಾಗ ಕುಮಾರಪಾಲ ಕೆರಳಿದ, ಅವನನ್ನು ಗೆದ್ದು ಏಳುನೂರು ನೇಕಾರ ಕುಟುಂಬಗಳನ್ನು ಪಾಟಣಕ್ಕೆ ಕರೆತಂದ. ಕಥೆಯ ಐತಿಹಾಸಿಕತೆಯನ್ನು ಅಳೆಯುವುದು ಬೇರೆ ಮಾತು. ಕುಮಾರಪಾಲನಿಗಿಂತ ಮೊದಲಿನದಾದ, ಪಾಟಣದ ರಾಣಿ ಕಿ ವಾವ್ ಮೆಟ್ಟಿಲುಬಾವಿಯ ಗೋಡೆಗಳಲ್ಲಿ ಪಟೋಲವನ್ನು ಹೋಲುವ ಜಾಲರಿ ವಿನ್ಯಾಸಗಳಿವೆಯೆಂದು ಕೆಲವರು ಬೊಟ್ಟುಮಾಡುತ್ತಾರೆ. ಆದರೆ ಚೌಕಳಿಯ ವಿನ್ಯಾಸ ಕಲ್ಲುಕುಟಿಗನಿಗೂ ನೇಕಾರನಿಗೂ ಸಮಾನವಾದುದು, ಅದರಿಂದ ಯಾವುದನ್ನೂ ಸಾಧಿಸಲಾಗದು. ಗಮನಿಸಬೇಕಾದುದು ಕಥೆ ಯಾವುದನ್ನು ಶುದ್ಧಿಯೆಂದು ತಿಳಿದಿದೆ ಎಂಬುದನ್ನು. ಅರಸನ ಸಿಟ್ಟೆಲ್ಲ ಇನ್ನೊಬ್ಬರು ಬಳಸಿದ ಬಟ್ಟೆಯೆಂಬುದರ ಮೇಲೆ. ಅದು ಮುಟ್ಟಿನ ಶುದ್ಧಿ, ಕನ್ನಡದಲ್ಲಿ ಮಡಿ ಎನ್ನುವಂಥದು. ಬಟ್ಟೆ ಹುಟ್ಟಿದ ಬಗೆಯ ಶುದ್ಧಿಯನ್ನು ಕಥೆ ಕೇಳುವುದೇ ಇಲ್ಲ.

ಆ ಪ್ರಶ್ನೆಯನ್ನು ಕೇಳಿದವರು ಬೇರೆಲ್ಲಿಯೂ ಇರಲಿಲ್ಲ, ಅದೇ ಅರಸನ ಗುರುಪೀಠದಲ್ಲಿದ್ದರು. ಹೇಮಚಂದ್ರಾಚಾರ್ಯರು ಕುಮಾರಪಾಲನ ಕೋರಿಕೆಯಂತೆ ರಚಿಸಿದ ಯೋಗಶಾಸ್ತ್ರದ ಮೂರನೆಯ ಪ್ರಕಾಶದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳ ಪಟ್ಟಿಯಿದೆ. ಅವುಗಳಲ್ಲಿ ಒಂದು ಲಾಕ್ಷಾವಾಣಿಜ್ಯ, ಅರಗಿನ ವ್ಯಾಪಾರ. ಅದರ ವಿವರಣೆಯಲ್ಲಿ ಅರಗಿನ ಜೊತೆಗೆ ನೀಲಿಯನ್ನೂ ಹೆಸರಿಸಿ, ಇವುಗಳ ಮಾರಾಟವನ್ನು ಪಾಪದ ಮನೆಯೆಂದು ಹೇಮಚಂದ್ರರು ಕರೆದಿದ್ದಾರೆ. ಅರಗು ಕೆಂಪಿನ ಮೂಲ, ನೀಲಿ ನೀಲದ ಮೂಲ. ಪಟೋಲದ ಸಾಂಪ್ರದಾಯಿಕ ವರ್ಣಗಳಲ್ಲಿ ಇವೆರಡನ್ನು ತೆಗೆದರೆ ಹಸುರೂ ಹೋಗುತ್ತದೆ, ನೇರಳೆಯೂ ಹೋಗುತ್ತದೆ. ಮಂಜಿಷ್ಠದ ಕೆಂಪು, ಅರಿಶಿನ, ದಾಳಿಂಬೆ ಸಿಪ್ಪೆಯ ಹಳದಿ ಉಳಿದಾವು. ರೇಷ್ಮೆಯ ಮಾತನ್ನು ಇನ್ನೂ ಎತ್ತಿಲ್ಲ. ನೂಲು ತುಂಡಾಗದೆ ಉದ್ದಕ್ಕೆ ಬರಬೇಕಾದರೆ ಗೂಡಿನೊಳಗಿನ ಜೀವ ಪತಂಗವಾಗಿ ಹೊರಬರುವ ಮೊದಲೇ ಬಿಸಿಗೆ ಸಾಯಬೇಕು, ಒಂದು ಸೀರೆಗೆ ಇಂಥ ಸಾವಿರಾರು ಗೂಡುಗಳು ಬೇಕು.

ಮೇರುತುಂಗನ ಪ್ರಬಂಧಚಿಂತಾಮಣಿಯಲ್ಲಿ ಬರುವ ಯೂಕಾವಿಹಾರದ ಪ್ರಸಂಗವನ್ನು ಇದರ ಪಕ್ಕದಲ್ಲಿಡಬೇಕು. ಹೇನೊಂದನ್ನು ಕೊಂದ ವರ್ತಕನೊಬ್ಬನ ಸರ್ವಸ್ವವನ್ನೂ ಕುಮಾರಪಾಲನ ಆಡಳಿತ ಮುಟ್ಟುಗೋಲು ಹಾಕಿ, ಆ ಹಣದಿಂದ ಒಂದು ಬಸದಿಯನ್ನು ಕಟ್ಟಿಸಿತು. ಒಂದು ಹೇನಿಗೆ ಒಂದು ಬಸದಿ. ಅದೇ ಅರಸ, ಇನ್ನೊಂದು ಕಥೆಯ ಪ್ರಕಾರ, ದಿನಕ್ಕೊಂದು ಪಟೋಲ ಉಟ್ಟ. ಎರಡೂ ಕಥೆಗಳು ಒಂದೇ ಊರಿನವು, ಒಬ್ಬನೇ ಅರಸನವು. ಪಟೋಲದ ಬಗ್ಗೆ ಬರೆಯುವವರು ಹೇನಿನ ಕಥೆಯನ್ನು ಹೇಳುವುದಿಲ್ಲ, ಕುಮಾರಪಾಲನ ಅಹಿಂಸೆಯ ಬಗ್ಗೆ ಬರೆಯುವವರು ಪಟೋಲದ ಕಥೆಯನ್ನು ಹೇಳುವುದಿಲ್ಲ.

ಸಮರ್ಥನೆಗಳು ಸಿದ್ಧವಾಗಿವೆ. ಆ ಕಾಲದವರಿಗೆ ರೇಷ್ಮೆಯ ಹುಟ್ಟು ತಿಳಿದಿರಲಿಲ್ಲ ಎಂಬುದು ಒಂದು. ಅನುಯೋಗದ್ವಾರಸೂತ್ರ ಈ ಮಾತನ್ನು ನಿಲ್ಲಗೊಡುವುದಿಲ್ಲ. ನೂಲುಗಳನ್ನು ಹುಟ್ಟಿನ ಮೇಲೆ ವಿಂಗಡಿಸುತ್ತ ಅದು ಪಟ್ಟ, ಅಂಶುಕ, ಚೀನಾಂಶುಕ, ಕೃಮಿರಾಗ ಮೊದಲಾದವನ್ನು ಸ್ಪಷ್ಟವಾಗಿ ‘ಕೀಟಜ’ವೆಂಬ ವರ್ಗಕ್ಕೆ ಸೇರಿಸಿದೆ. ಹತ್ತಿಗೆ, ಕೂದಲಿಗೆ, ನಾರಿಗೆ ಬೇರೆ ವರ್ಗಗಳಿವೆ. ತಿಳಿದೇ ಉಟ್ಟರು. ಎರಡನೆಯ ಸಮರ್ಥನೆ ಇಂದಿನದು: ಸಹಜ ಬಣ್ಣ, ಆದುದರಿಂದ ನಿರ್ದೋಷಿ. ಮಾರಾಟದ ಮಳಿಗೆಗಳಿಂದ ಹಿಡಿದು ಸಂಶೋಧನ ಲೇಖನಗಳವರೆಗೆ ಈ ತರ್ಕ ಹರಡಿದೆ. ಸಹಜವೆಂಬುದಕ್ಕೂ ಅಹಿಂಸೆಯೆಂಬುದಕ್ಕೂ ನಂಟಿಲ್ಲ. ಕೃಮಿರಾಗ ಪೂರ್ಣ ಸಹಜ. ಹೇಮಚಂದ್ರರ ಶ್ಲೋಕವನ್ನು ಅಕ್ಷರಶಃ ಹಿಡಿದರೆ, 1897ರಿಂದ ಕಾರ್ಖಾನೆಯಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಕೃತಕ ನೀಲಿಯೇ ಶ್ರಾವಕನಿಗೆ ಹೆಚ್ಚು ಸಲ್ಲುತ್ತದೆ ಎನ್ನಬೇಕಾದೀತು! ನೀರಿಗೆ ಅದು ಮಾಡುವ ಕೇಡಿನ ಲೆಕ್ಕ ಹನ್ನೆರಡನೆಯ ಶತಮಾನದ ಪಟ್ಟಿಯಲ್ಲಿ ಸಿಗುವುದಿಲ್ಲ.

ಮೂರನೆಯ ಸಮರ್ಥನೆ ಹೆಚ್ಚು ಸೂಕ್ಷ್ಮವಾದುದು. ನಿಷೇಧ ವ್ಯಾಪಾರಕ್ಕೆ, ಉಡುವವನಿಗಲ್ಲ. ಅರಸ ಅರಗು ಮಾರಲಿಲ್ಲ, ಬಟ್ಟೆ ಉಟ್ಟ. ಪಟ್ಟಿಯ ಶಬ್ದಾರ್ಥಕ್ಕೆ ಇದು ಸರಿ. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವೇ ಕೃತ, ಕಾರಿತ, ಅನುಮತವೆಂದು ಮೂರು ಬಾಗಿಲುಗಳನ್ನು ತೆರೆದಿಟ್ಟಿದೆ: ತಾನು ಮಾಡಿದುದು, ಮಾಡಿಸಿದುದು, ಮಾಡಿದುದಕ್ಕೆ ಒಪ್ಪಿದುದು. ಏಳುನೂರು ಕುಟುಂಬಗಳನ್ನು ಕರೆತಂದು ನೇಯಿಸಿದವನು ಎರಡನೆಯ ಬಾಗಿಲಿನಲ್ಲಿ ನಿಂತಿದ್ದಾನೆ, ಆ ಸೀರೆಯ ಸೊಬಗನ್ನು ಹಾಡುವವರು ಮೂರನೆಯದರಲ್ಲಿ. ಹೀಗಿದ್ದೂ ನಿಷೇಧದ ಪಟ್ಟಿಯಲ್ಲಿ ಹೆಸರು ಬಂದುದು ಕೈಗೆ ಬಣ್ಣ ಅಂಟಿದವರ ಕಸುಬುಗಳಿಗೆ. ಅರಗಿನ ವ್ಯಾಪಾರಿಗೆ ಹೆಸರಿದೆ, ಅರಗಿನ ಕೆಂಪನ್ನು ಉಡುವವನಿಗೆ ಇಲ್ಲ. ಶ್ರಾವಕಾಚಾರ ಗ್ರಂಥಗಳನ್ನು ಸಾಮಾಜಿಕ ಇತಿಹಾಸದ ಆಕರಗಳಾಗಿ ಓದುವವರು ಈ ಓರೆಯನ್ನು ಕಾಣದಿರುವುದು ಸರಿಯಲ್ಲ. ಸಾಲ್ವಿಗಳಲ್ಲಿ ಜೈನರೇ ಇದ್ದುದರಿಂದ ಇದು ಹೊರಗಿನವರ ಮೇಲೆ ಹೊರಿಸಿದ ಭಾರವೂ ಅಲ್ಲ. ಒಂದೇ ಧರ್ಮದ ಒಳಗೆ ಉಡುವವರಿಗೂ ನೇಯುವವರಿಗೂ ನಡುವೆ ಎಳೆದ ಗೆರೆ.

ಕನ್ನಡ ನಾಡಿಗೆ ಇದು ದೂರದ ಮಾತಲ್ಲ. ದೇಶದಲ್ಲಿ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯವಿದು. ರಾಮನಗರದ ಮಾರುಕಟ್ಟೆಯಲ್ಲಿ ರಾಶಿಬೀಳುವ ಗೂಡುಗಳ ನಂಬಿಕೆಯ ಮೇಲೆ ಎಷ್ಟೋ ಒಕ್ಕಲು ಮನೆಗಳು ನಡೆಯುತ್ತವೆ. ಪಟ್ಟೆಮಡಿ ಎಂಬ ಪದವೇ ರೇಷ್ಮೆಯನ್ನು ಶುದ್ಧಿಯೊಡನೆ ಕಟ್ಟಿಹಾಕಿದೆ. ಪತಂಗ ಹಾರಿಹೋದ ಮೇಲೆ ಉಳಿದ ಗೂಡಿನಿಂದ ‘ಅಹಿಂಸಾ ರೇಷ್ಮೆ’ ಮಾಡುವ ಪ್ರಯತ್ನಗಳು ಇತ್ತೀಚಿನ ದಶಕಗಳಲ್ಲಿ ನಡೆದಿವೆ, ಅವುಗಳ ಹಿಂದಿನ ಮನಸ್ಸು ಗೌರವಕ್ಕೆ ಅರ್ಹ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲು ಬಾರದು, ಹತ್ತಿಯಂತೆ ನೂಲಬೇಕು. ಅಂಥ ನೂಲಿನ ಉಬ್ಬುತಗ್ಗು ಬೇರೆ ಬಟ್ಟೆಗಳಲ್ಲಿ ಸೊಗಸಾದೀತು. ಹಾಸುಹೊಕ್ಕುಗಳ ಬಿಂದುಗಳು ಕೂದಲೆಳೆಯ ಲೆಕ್ಕದಲ್ಲಿ ಕೂಡಬೇಕಾದ ಪಟೋಲಕ್ಕೆ ಅದು ಒಗ್ಗುವುದು ಕಷ್ಟ. ಪಟೋಲ ಪಟೋಲವಾಗಿಯೇ ಉಳಿಯಬೇಕಾದರೆ ಪ್ರಶ್ನೆಯೂ ಅದರ ಜೊತೆಗೇ ಉಳಿಯುತ್ತದೆ. 2013ರಲ್ಲಿ ಪಾಟಣದ ಪಟೋಲಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೂ ಈ ವಿದ್ಯೆಯನ್ನು ಪೂರ್ಣವಾಗಿ ಬಲ್ಲ ಮನೆತನಗಳು ಬೆರಳೆಣಿಕೆಯಷ್ಟು. ಅವರ ಮಗ್ಗ ನಿಂತರೆ ಅಹಿಂಸೆಗೆ ಜಯವಾಯಿತೆಂದು ಹಿಗ್ಗುವವರಿಗೆ, ತಾವು ಓದುವ ಕರ್ಮಶಾಸ್ತ್ರದ ಉಪಮೆಗಳ ಕೊನೆಯ ಸಾಕ್ಷಿಗಳು ಅಳಿದುವೆಂಬುದು ಹೊಳೆಯಲಾರದು.

ಈ ದಿಕ್ಕಿನಲ್ಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವಣ್ಣ ಕನ್ನಡದಲ್ಲೇ ಬರೆದ ವೃತ್ತಿಯಿದೆ. ಅದರಲ್ಲಿಯೂ ಇತರ ಕನ್ನಡ ಟೀಕೆಗಳಲ್ಲಿಯೂ ಬಣ್ಣ, ನೂಲು, ಕೊಳೆ, ತೊಳೆತಗಳಿಗೆ ಸಂಬಂಧಿಸಿದ ಮಾತುಗಳನ್ನು ಒಟ್ಟುಗೂಡಿಸಿ, ಬಣ್ಣಗಾರಿಕೆ ಬಲ್ಲವರ ಮುಂದಿಟ್ಟು ಅರ್ಥ ಕೇಳುವ ಸಂಶೋಧನೆಗೆ ಯಾರಾದರೂ ತೊಡಗಬೇಕು. ಹಳಗನ್ನಡ ಕಾವ್ಯಗಳ ಪದಕೋಶಗಳಲ್ಲಿ ದುಕೂಲ, ದೇವಾಂಗ, ಚೀನಗಳೆಲ್ಲ ‘ಒಂದು ಬಗೆಯ ಬಟ್ಟೆ’ಯಾಗಿ ಮಲಗಿವೆ. ಅವುಗಳಲ್ಲಿ ಯಾವುದು ಹುಳುವಿನದು, ಯಾವುದು ನಾರಿನದು ಎಂಬುದು ಜೈನ ಕವಿಗೆ ಉದಾಸೀನದ ವಿಷಯವಾಗಿರಲಿಲ್ಲ. ದಿಗಂಬರ ಮುನಿಯ ವೈರಾಗ್ಯವನ್ನು ವರ್ಣಿಸುವ ಮೊದಲು ಅವನು ಕಳಚಿಟ್ಟ ಬಟ್ಟೆ ಯಾವುದೆಂದು ಕವಿ ಹೇಳಿದ್ದರೆ, ಓದುವವರು ಅದನ್ನು ತಿಳಿಯುವ ಹೊಣೆ ಹೊರಬೇಕು.

ಸದ್ಯಕ್ಕೆ ಪರೀಕ್ಷೆಗಳಲ್ಲಿ ಕಷಾಯಗಳು ಎಷ್ಟು, ಅವು ಯಾವುವು ಎಂಬ ಪ್ರಶ್ನೆ ಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕನ್ನೂ ಬರೆದವರಿಗೆ ಪೂರ್ಣ ಅಂಕ ಸಿಗುತ್ತದೆ. ಆಲದ ತೊಗಟೆಯನ್ನು ಯಾರೂ ಕೇಳುವುದಿಲ್ಲ.